ಪುಟ್ಟಿ, ನಿನ್ನ ವಿಷಯ ಸತ್ತಿಲ್ಲ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ದೊಡ್ಡಮ್ಮನ ಮಂಡಿನೋವು ಚಳಿ ಇಳಿದ ಮೇಲೆ ತಗ್ಗಿದೆ. ನಿನ್ನ ಕಾಗದ ಬಂದ ದಿನ ಅವಳಿಗೂ ಓದಿ ಹೇಳಿದೆ. ಸಂಶೋಧನೆಗೆ ಸೇರಿದ್ದೀಯ, ಕ್ಯಾನ್ಸರ್ ಹರಡಲು ದಾರಿ ಮಾಡಿಕೊಡುವ ಕಿಣ್ವಗಳನ್ನು ತಡೆಯುವ ಪೆಪ್ಟೈಡ್‌ಗಳ ಮೇಲೆ ಕೆಲಸ, ಅದರಲ್ಲೂ ಎಂಎಂಪಿ-14 ಎಂಬ ಕಿಣ್ವ ನಿನ್ನ ಪಾಲಿಗೆ ಬಂದಿದೆ ಎಂದು ಓದಿ ನನಗಾದ ಸಂತೋಷವನ್ನು ಬರೆದು ಮುಗಿಸಲಾರೆ. ಆದರೆ ಕೊನೆಯ ಪುಟದಲ್ಲಿ ಒಂದು ಮಾತು ಬರೆದಿದ್ದೀಯ. ಪ್ರಯೋಗಾಲಯದ ಹಿರಿಯನೊಬ್ಬ, “ಅದು ಇಪ್ಪತ್ತು ವರ್ಷದ ಹಿಂದೆಯೇ ಸತ್ತ ವಿಷಯ, ಬೇರೆ ಏನಾದರೂ ಆರಿಸಿಕೋ” ಅಂದನಂತೆ. ಆವತ್ತಿನಿಂದ ನಿನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ ಎಂದೂ ಬರೆದಿದ್ದೀಯ. ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದವನು ನಾನು. ಈ ಕಿಣ್ವಗಳ ಕಥೆಯನ್ನು ದೂರದಿಂದಲೇ ಆದರೂ ಬಿಡದೆ ಹಿಂಬಾಲಿಸಿದ್ದೇನೆ. ಅದಕ್ಕೇ ಈ ಉದ್ದದ ಕಾಗದ. ನಿಧಾನವಾಗಿ ಓದು.

ನೀನು ಈಗ ಓಡಾಡುತ್ತಿರುವ ಆವರಣಕ್ಕೇ ಸಂಬಂಧಪಟ್ಟ ಸಂಗತಿಯಿಂದ ಶುರು ಮಾಡುತ್ತೇನೆ. ಕಿಣ್ವದ ಮಾತಿಗೆ ಮೊದಲು ಅದು ಕತ್ತರಿಸುವ ವಸ್ತು ಗೊತ್ತಿರಬೇಕು. ಕೊಲಾಜೆನ್‌ನ ರಚನೆಯನ್ನು ಬಿಡಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ್ ಕರ್ತ, 1954–55ರಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ. ರಾಮನ್ ಅವರ ಶಿಷ್ಯರಾಗಿ ಬೆಂಗಳೂರಿನಲ್ಲಿ ಕಲಿತಿದ್ದ ರಾಮಚಂದ್ರನ್ ಮುಂದೆ ಅಲ್ಲಿಗೇ ಮರಳಿ, 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತಶಾಸ್ತ್ರದ ಘಟಕ ಕಟ್ಟಿದರು. ನಮ್ಮ ಮನೆಯಲ್ಲಿ ತೆಂಗಿನ ನಾರಿನ ಮೂರು ಎಳೆ ಸೇರಿಸಿ ಹಗ್ಗ ಹೊಸೆಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೀಯಲ್ಲ, ಕೊಲಾಜೆನ್ ಹಾಗೆಯೇ ಮೂರು ಸರಪಳಿ ಹೊಸೆದ ಅಣು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸೀನ್ ಇರಲೇಬೇಕು, ಏಕೆಂದರೆ ಹೊಸೆತದ ಒಳಗಡೆ ಅದಕ್ಕಿಂತ ದೊಡ್ಡ ಅಮೈನೋ ಆಮ್ಲಕ್ಕೆ ಜಾಗವಿಲ್ಲ. ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳದ ಗೋಡೆ ಎಲ್ಲ ಕಡೆಯೂ ಇದೇ ಆಧಾರ. ಸಾಮಾನ್ಯ ಪ್ರೋಟೀನು ಜೀರ್ಣಿಸುವ ಕಿಣ್ವಗಳು ಈ ಹೊಸೆತವನ್ನು ಏನೂ ಮಾಡಲಾರವು.

ಹಾಗಿದ್ದರೆ ಕಪ್ಪೆಯಾಗುವ ಹೊತ್ತಿಗೆ ಗೊದಮೊಟ್ಟೆಯ ಬಾಲ ಎಲ್ಲಿ ಹೋಗುತ್ತದೆ? ಬಾಲದ ತುಂಬ ಕೊಲಾಜೆನ್, ಅದು ಕೆಲವೇ ದಿನಗಳಲ್ಲಿ ಕರಗಿ ಹೋಗುತ್ತದೆ. ಬಾಸ್ಟನ್ನಿನ ಜೆರೋಮ್ ಗ್ರಾಸ್ ಮತ್ತು ಅವರ ಜೊತೆಗಿದ್ದ ಬೆಲ್ಜಿಯಂನ ಷಾರ್ಲ್ ಲಾಪಿಯೇರ್ ಈ ಪ್ರಶ್ನೆಯನ್ನು ಹಿಡಿದರು. ಗೊದಮೊಟ್ಟೆಯ ಬಾಲದ ಚೂರುಗಳನ್ನು ಕೊಲಾಜೆನ್ ಜೆಲ್‌ನ ಮೇಲಿಟ್ಟರು. ಚೂರುಗಳು ಹೊರಬಿಟ್ಟ ಕಿಣ್ವದಿಂದ ಸುತ್ತಲಿನ ಜೆಲ್ ಕರಗಿತು. 1962ರಲ್ಲಿ ಪ್ರಕಟವಾದ ಆ ಸರಳ ಪ್ರಯೋಗವೇ ನಿನ್ನ ಇಡೀ ಕ್ಷೇತ್ರದ ಮೂಲ. ಆ ಲೇಖನವನ್ನು ಹುಡುಕಿ ಓದು, ಪುಟ್ಟಿ. ದುಬಾರಿ ಯಂತ್ರವೊಂದೂ ಇಲ್ಲದೆ ಒಳ್ಳೆಯ ಪ್ರಶ್ನೆ ಎಷ್ಟು ದೂರ ಕೊಂಡೊಯ್ಯುತ್ತದೆ ಎಂದು ಗೊತ್ತಾಗುತ್ತದೆ.

ಆ ಕಿಣ್ವ ಕೊಲಾಜೆನ್ನನ್ನು ಉದ್ದಕ್ಕೂ ಕಡಿಯುವುದಿಲ್ಲ. ಒಂದೇ ಒಂದು ಜಾಗದಲ್ಲಿ, ಗ್ಲೈಸೀನ್ ಆದ ಮೇಲೆ ಐಸೊಲ್ಯೂಸೀನ್ ಅಥವಾ ಲ್ಯೂಸೀನ್ ಬರುವ ಕಡೆ ಕಡಿಯುತ್ತದೆ. ಮುಕ್ಕಾಲು ಪಾಲಿನ ಒಂದು ತುಂಡು, ಕಾಲು ಪಾಲಿನ ಇನ್ನೊಂದು. ದೇಹದ ಬಿಸಿಗೆ ಆ ತುಂಡುಗಳ ಹೊಸೆತ ತಾನಾಗಿ ಬಿಚ್ಚಿಕೊಳ್ಳುತ್ತದೆ, ಉಳಿದದ್ದನ್ನು ಬೇರೆ ಕಿಣ್ವಗಳು ಮುಗಿಸುತ್ತವೆ. ಈ ಕಿಣ್ವ ಸೇರಿದ ಎಂಎಂಪಿ ಎಂಬ ಕುಟುಂಬದಲ್ಲಿ ಮನುಷ್ಯನಿಗೆ 23 ಕಿಣ್ವಗಳಿವೆ. ಎಲ್ಲದರ ನಡುವೆಯೂ ಒಂದು ಸತುವಿನ ಅಯಾನು, ಅದನ್ನು ಹಿಡಿದಿರುವ ಮೂರು ಹಿಸ್ಟಿಡೀನ್‌ಗಳು. ಗಾಯ ಮಾಯುವಾಗ, ಮೂಳೆ ಬೆಳೆಯುವಾಗ, ಹೆರಿಗೆಯಾದ ಮೇಲೆ ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರುವಾಗ ಇವು ಬೇಕು. ಇವಿಲ್ಲದೆ ನೀನೂ ಇಲ್ಲ, ನಾನೂ ಇಲ್ಲ. ಈ ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೋ. ಈ ಕ್ಷೇತ್ರದಲ್ಲಿ ದೊಡ್ಡವರೇ ಇದನ್ನು ಮರೆತದ್ದರಿಂದ ಆದ ಅನಾಹುತವನ್ನು ಮುಂದೆ ಹೇಳುತ್ತೇನೆ.

ಇಷ್ಟು ಬಲದ ಕಿಣ್ವವನ್ನು ದೇಹ ಕಟ್ಟಿಹಾಕದೆ ಬಿಟ್ಟಿಲ್ಲ. ಹುಟ್ಟುವಾಗಲೇ ಅದರ ತುದಿಯಲ್ಲಿ ಒಂದು ಪೆಪ್ಟೈಡ್ ಬಾಲ ಇರುತ್ತದೆ. ಆ ಬಾಲದ ಸಿಸ್ಟೀನ್ ಹೋಗಿ ಸತುವಿನ ಮೇಲೆ ಕೂರುತ್ತದೆ. ಬಾಲ ಕಡಿದು ಬೀಳುವವರೆಗೆ ಕಿಣ್ವ ಕೆಲಸ ಮಾಡದು. ವ್ಯಾನ್ ವಾರ್ಟ್ ಮತ್ತು ಬಿರ್ಕೆಡಾಲ್-ಹಾನ್ಸೆನ್ 1990ರಲ್ಲಿ ಇದನ್ನು ವಿವರಿಸಿದರು. ಅಂದರೆ ಈ ಕಿಣ್ವಗಳ ಮೊದಲ ಪೆಪ್ಟೈಡ್ ಪ್ರತಿಬಂಧಕವನ್ನು ಮಾಡಿದ್ದು ಯಾವ ಪ್ರಯೋಗಾಲಯವೂ ಅಲ್ಲ, ದೇಹವೇ. ಆ ಬಾಲದ ಏಳೆಂಟು ಅಮೈನೋ ಆಮ್ಲಗಳನ್ನು ಬೇರೆಯಾಗಿ ಸಂಶ್ಲೇಷಿಸಿ ಕಿಣ್ವಕ್ಕೆ ಕೊಟ್ಟು ನೋಡಿದವರಿದ್ದಾರೆ. ತಡೆಯಿತು, ಆದರೆ ಮೆತ್ತಗೆ. ಇದರ ಮೇಲೆ ಟಿಂಪ್ ಎಂಬ ನಾಲ್ಕು ಪ್ರತಿಬಂಧಕ ಪ್ರೋಟೀನುಗಳು ಎಚ್ಚೆತ್ತ ಕಿಣ್ವಗಳನ್ನೂ ಹದ್ದುಬಸ್ತಿನಲ್ಲಿ ಇಡುತ್ತವೆ.

ಕ್ಯಾನ್ಸರಿಗೂ ಇವಕ್ಕೂ ಗಂಟು ಬಿದ್ದದ್ದು 1980ರಲ್ಲಿ. ಲಾನ್ಸ್ ಲಿಯೊಟ್ಟ ಮತ್ತು ಸಂಗಡಿಗರು, ಬೇರೆ ಅಂಗಗಳಿಗೆ ಹೆಚ್ಚು ಹರಡುವ ಗಡ್ಡೆಯ ಜೀವಕೋಶಗಳು ಆಧಾರಪೊರೆಯ ನಾಲ್ಕನೆಯ ಬಗೆಯ ಕೊಲಾಜೆನ್ನನ್ನು ಹೆಚ್ಚು ಕರಗಿಸುತ್ತವೆ ಎಂದು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಗಡ್ಡೆ ಹುಟ್ಟಿದ ಜಾಗದಲ್ಲೇ ಇದ್ದರೆ ಶಸ್ತ್ರಚಿಕಿತ್ಸಕನ ಕೈಗೆ ಸಿಗುತ್ತದೆ. ಆ ತೆಳುಪೊರೆ ದಾಟಿ ರಕ್ತಕ್ಕೋ ದುಗ್ಧರಸಕ್ಕೋ ಸೇರಿದರೆ ಕೈಮೀರುತ್ತದೆ. ಪೊರೆ ಕಡಿಯುವುದನ್ನು ನಿಲ್ಲಿಸಿದರೆ ರೋಗ ನಿಂತಲ್ಲೇ ನಿಲ್ಲುತ್ತದೆ ಎಂಬ ಆಸೆ ಆಗ ಹುಟ್ಟಿತು. ನಿನ್ನ ಎಂಎಂಪಿ-14 ಅನ್ನು 1994ರಲ್ಲಿ ಜಪಾನಿನ ಮೊಟೊಹರು ಸೇಕಿ ಮತ್ತು ಸಂಗಡಿಗರು ಕಂಡುಹಿಡಿದಾಗ ಆಸೆ ಇನ್ನೂ ಬಲಿಯಿತು. ಇದು ಜೀವಕೋಶದ ಹೊರಮೈಗೇ ನೆಟ್ಟುಕೊಂಡಿರುವ ಕಿಣ್ವ. ಇದು ಎಂಎಂಪಿ-2ನ್ನು ಎಬ್ಬಿಸುವ ಬಗೆಯಂತೂ ಬೆರಗು: ಪ್ರತಿಬಂಧಕವಾದ ಟಿಂಪ್-2 ಒಂದು ಎಂಎಂಪಿ-14ನ್ನು ಕಟ್ಟಿಹಾಕಿ, ತನ್ನ ಇನ್ನೊಂದು ತುದಿಯಲ್ಲಿ ನಿದ್ದೆಯಲ್ಲಿರುವ ಎಂಎಂಪಿ-2ನ್ನು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲಿ ಬಿಡುವಾಗಿರುವ ಮತ್ತೊಂದು ಎಂಎಂಪಿ-14 ಬಂದು ಅದರ ಬಾಲ ಕಡಿಯುತ್ತದೆ. ತಡೆಯುವವನೇ ಎಬ್ಬಿಸುವವನಿಗೆ ನೆರವಾಗುವ ಈ ಏರ್ಪಾಟಿನಲ್ಲಿ ಪ್ರಮಾಣವೇ ಎಲ್ಲ. ಟಿಂಪ್-2 ಅತಿಯಾದರೆ ಬಿಡುವಾದ ಎಂಎಂಪಿ-14 ಉಳಿಯುವುದಿಲ್ಲ, ತೀರಾ ಕಡಿಮೆಯಾದರೆ ಹಿಡಿದುಕೊಡುವವರಿಲ್ಲ. ನಿನ್ನ ಪೆಪ್ಟೈಡ್ ಈ ಮೂವರ ನಡುವೆ ಹೋಗಿ ಕೂರಬೇಕು. ಆ ಕಷ್ಟವನ್ನು ಪ್ರೀತಿಯಿಂದ ನೋಡುವುದನ್ನು ಕಲಿ.

ಈಗ ಆ ಹಿರಿಯ ಸಂಶೋಧಕ ಹೇಳಿದ “ಸಾವಿನ” ಕಥೆ. ನಿಜ, ಅದು ದೊಡ್ಡ ಸೋಲು.

ಸತುವುಳ್ಳ ಕಿಣ್ವವನ್ನು ಪೆಪ್ಟೈಡಿನ ಅನುಕರಣೆಯಿಂದ ತಡೆಯಬಹುದು ಎಂಬುದಕ್ಕೆ ಕ್ಯಾಪ್ಟೊಪ್ರಿಲ್ ಸಾಕ್ಷಿಯಾಗಿತ್ತು. ಬ್ರೆಜಿಲ್ಲಿನ ಹಾವಿನ ವಿಷದ ಪೆಪ್ಟೈಡ್‌ಗಳಿಂದ ಹೊರಟು ಸ್ಕ್ವಿಬ್ ಕಂಪನಿಯ ಕುಶ್ಮನ್ ಮತ್ತು ಒಂಡೆಟ್ಟಿ ಆ ರಕ್ತದೊತ್ತಡದ ಔಷಧ ಕಟ್ಟಿದ್ದರು. ಅದೇ ಜಾಡಿನಲ್ಲಿ ಆಕ್ಸ್‌ಫರ್ಡಿನ ಬ್ರಿಟಿಷ್ ಬಯೋಟೆಕ್ ಕಂಪನಿ ಬ್ಯಾಟಿಮಾಸ್ಟ್ಯಾಟ್ ಮಾಡಿತು. ಕೊಲಾಜೆನ್ ಕಡಿಯುವ ಜಾಗದ ಪೆಪ್ಟೈಡನ್ನೇ ಹೋಲುವ ಬೆನ್ನೆಲುಬು, ಅದರ ತುದಿಯಲ್ಲಿ ಸತುವನ್ನು ಗಟ್ಟಿಯಾಗಿ ಹಿಡಿಯುವ ಹೈಡ್ರಾಕ್ಸಮೇಟ್. ಕಿಣ್ವ ತನ್ನ ಆಹಾರವೆಂದು ತಿಳಿದು ಹಿಡಿಯುತ್ತದೆ, ಆದರೆ ಕಡಿಯಲಾಗದು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ನೀರಿನಲ್ಲಿ ಕರಗದ ಕಾರಣ ಅದನ್ನು ಹೊಟ್ಟೆಯ ಪೊಳ್ಳಿಗೋ ಎದೆಯ ಪೊಳ್ಳಿಗೋ ಚುಚ್ಚಿ ಕೊಡಬೇಕಿತ್ತು. ಬಾಯಿಯಲ್ಲಿ ನುಂಗುವ ಮರಿಮಾಸ್ಟ್ಯಾಟ್ ಬಂದಾಗ ಷೇರುಪೇಟೆಯೂ ಆಸ್ಪತ್ರೆಗಳೂ ಒಟ್ಟಿಗೇ ಕಾತರಗೊಂಡವು.

ಮೊದಲು ಬಂದದ್ದು ನೋವು. ಔಷಧ ತೆಗೆದುಕೊಂಡವರಿಗೆ ಭುಜ, ಕೈಯ ಸಂದುಗಳು ಹಿಡಿದುಕೊಳ್ಳತೊಡಗಿದವು. ಪ್ರಮಾಣ ಹೆಚ್ಚಿಸಿದಷ್ಟೂ ನೋವು ಹೆಚ್ಚು. ಕೆಲವರಿಗೆ ಔಷಧವನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಫಲಿತಾಂಶ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 414 ರೋಗಿಗಳಲ್ಲಿ ಮರಿಮಾಸ್ಟ್ಯಾಟ್ ಆಗಿನ ರೂಢಿಯ ಜೆಮ್ಸಿಟಾಬಿನ್‌ಗಿಂತ ಮೇಲೆನಿಸಲಿಲ್ಲ. ಬೇಯರ್ ಕಂಪನಿಯ ಟ್ಯಾನೊಮಾಸ್ಟ್ಯಾಟ್ ಇನ್ನೂ ಕೆಟ್ಟದಾಯಿತು. ಅದೇ ರೋಗದಲ್ಲಿ ಜೆಮ್ಸಿಟಾಬಿನ್ ಪಡೆದವರು ಸರಾಸರಿ ಆರೂವರೆ ತಿಂಗಳು ಬದುಕಿದರೆ, ಇದನ್ನು ಪಡೆದವರು ನಾಲ್ಕು ತಿಂಗಳೂ ತುಂಬಲಿಲ್ಲ. ಪ್ರಯೋಗವನ್ನು 1999ರಲ್ಲಿ ನಡುವೆಯೇ ನಿಲ್ಲಿಸಿದರು. ಈ ಅಂಕಿಗಳನ್ನು ಓದುವಾಗ ಅವು ಮನುಷ್ಯರು ಎಂಬುದನ್ನು ನೆನೆ. ಕೊನೆಯ ಆಸೆಯಿಂದ ಕಾಗದಕ್ಕೆ ಸಹಿ ಮಾಡಿದವರು ಅವರು. ನೀನು ಕಲಿಯುವ ಎಷ್ಟೋ ಪಾಠಗಳಿಗೆ ಬೆಲೆ ತೆತ್ತವರು ಅವರೇ.

ಒಂದು ಸಣ್ಣ ಬೆಳಕೂ ಇತ್ತು, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಮುಂದುವರಿದ ಹೊಟ್ಟೆಯ ಕ್ಯಾನ್ಸರಿನ 369 ರೋಗಿಗಳಲ್ಲಿ ಎರಡು ವರ್ಷ ಬದುಕಿದವರು ಮರಿಮಾಸ್ಟ್ಯಾಟ್ ಪಡೆದವರಲ್ಲಿ ಶೇ. 9, ಹುಸಿಗುಳಿಗೆ ಪಡೆದವರಲ್ಲಿ ಶೇ. 3. ಔಷಧವಾಗಿ ಮಾರುಕಟ್ಟೆಗೆ ಬರಲು ಅಷ್ಟು ಸಾಲಲಿಲ್ಲ. ಆದರೂ ಮೂಲ ಯೋಚನೆ ಪೂರ್ತಿ ಪೊಳ್ಳಲ್ಲ ಎನ್ನಲು ಅಷ್ಟು ಸಾಕೆಂದು ನಾನು ನಂಬಿದ್ದೇನೆ.

ಇದೇ ಕಾಲದ ಇನ್ನೊಂದು ಸಂಗತಿ ನಿನಗೆ ಗೊತ್ತಿರಲಿ. ಆ ಬ್ರಿಟಿಷ್ ಕಂಪನಿಯ ಚಿಕಿತ್ಸಾ ಸಂಶೋಧನೆಯ ಮುಖ್ಯಸ್ಥರಾಗಿದ್ದ ಆಂಡ್ರ್ಯೂ ಮಿಲ್ಲರ್, ಔಷಧಗಳ ಬಗ್ಗೆ ಹೊರಗೆ ಹೇಳುತ್ತಿರುವಷ್ಟು ಭರವಸೆ ತಮಗಿಲ್ಲ ಎಂದು ದೊಡ್ಡ ಹೂಡಿಕೆದಾರರ ಮುಂದೆ ಹೇಳಿದರು. 1998ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಬ್ರಿಟನ್ನಿನ ಸಂಸತ್ ಸಮಿತಿ ವಿಚಾರಣೆ ನಡೆಸಿತು, ಮರುವರ್ಷ ಕಂಪನಿ ಅವರೊಡನೆ ರಾಜಿ ಮಾಡಿಕೊಂಡಿತು. ನಿನ್ನ ಫಲಿತಾಂಶ ನಿನ್ನ ಗುರುಗಳ ಆಸೆಗೆ ವಿರುದ್ಧವಾಗಿ ಬರುವ ದಿನ ಬಂದೇ ಬರುತ್ತದೆ, ಪುಟ್ಟಿ. ಆ ದಿನ ಗೌರವದಿಂದ, ಆದರೆ ಸ್ಪಷ್ಟವಾಗಿ ಹೇಳು. ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ನಿನ್ನನ್ನು ಬೈಯುವುದಿಲ್ಲ.

ಸೋತದ್ದು ಏಕೆ? ಲಿಸಾ ಕೌಸೆನ್ಸ್, ಬಾರ್ಬರಾ ಫಿಂಗಲ್ಟನ್, ಲಿನ್ ಮ್ಯಾಟ್ರಿಸಿಯನ್ ಮೂವರೂ ಸೇರಿ 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ವಿಮರ್ಶೆಯನ್ನು ಈ ವಾರವೇ ಓದು. ಬಹು ಮುಖ್ಯವಾದ ಕಾರಣ ಹೊತ್ತು. ಇಲಿಗಳಿಗೆ ಔಷಧ ಕೊಟ್ಟದ್ದು ಗಡ್ಡೆ ಇನ್ನೂ ಎಳೆಯದಾಗಿದ್ದಾಗ. ಮನುಷ್ಯರಿಗೆ ಕೊಟ್ಟದ್ದು ರೋಗ ಎಲ್ಲ ಕಡೆ ಹರಡಿದ ಮೇಲೆ, ಅಂದರೆ ಪೊರೆ ದಾಟುವ ಕೆಲಸ ಎಂದೋ ಮುಗಿದ ಮೇಲೆ. ಡಗ್ಲಸ್ ಹನಹನ್ ಅವರ ಪ್ರಯೋಗಾಲಯ 1999ರಲ್ಲಿಯೇ ಇದನ್ನು ತೋರಿಸಿತ್ತು: ಬ್ಯಾಟಿಮಾಸ್ಟ್ಯಾಟ್ ಇಲಿಯಲ್ಲೂ ಗಡ್ಡೆಯ ಆರಂಭದಲ್ಲಿ ಫಲ ಕೊಟ್ಟಿತು, ಬಲಿತ ಗಡ್ಡೆಯ ಮೇಲೆ ಕೊಡಲಿಲ್ಲ. ಎಚ್ಚರಿಕೆ ಬಂದಾಗ ದೊಡ್ಡ ಪ್ರಯೋಗಗಳು ಆಗಲೇ ಅರ್ಧ ದಾರಿ ಸಾಗಿದ್ದವು.

ಎರಡನೆಯದು ನಾನು ಮೊದಲೇ ಹೇಳಿದ ಮರೆವು. ಹೈಡ್ರಾಕ್ಸಮೇಟ್ ಸತುವನ್ನು ಎಷ್ಟು ಬಲವಾಗಿ ಹಿಡಿಯುತ್ತದೆಂದರೆ ಅದು ಯಾವ ಕಿಣ್ವದ ಸತು ಎಂದು ನೋಡುವುದಿಲ್ಲ. ಬೇಕಾದದ್ದು, ಬೇಡವಾದದ್ದು ಎಲ್ಲವನ್ನೂ ಕಟ್ಟಿಹಾಕಿತು. ಹತ್ತಿರದ ಬಂಧುಗಳಾದ ಆಡಂ ಕಿಣ್ವಗಳನ್ನೂ ಬಿಡಲಿಲ್ಲ. ಆದರೆ ಈ 23ರಲ್ಲಿ ಕೆಲವು ನಮ್ಮ ಪರವಾಗಿವೆ. ಸ್ಪೇನಿನ ಕಾರ್ಲೋಸ್ ಲೋಪೆಸ್-ಒಟಿನ್ ಅವರ ತಂಡ 2003ರಲ್ಲಿ ಎಂಎಂಪಿ-8 ಇಲ್ಲದ ಇಲಿಗಳನ್ನು ಬೆಳೆಸಿತು. ಗಂಡಿಲಿಗಳಲ್ಲಿ ಚರ್ಮದ ಗಡ್ಡೆ ಹೆಚ್ಚಾಯಿತು. ಎಂಎಂಪಿ-12 ರಕ್ತದ ಪ್ಲಾಸ್ಮಿನೋಜೆನ್ ಕಡಿದು ಆಂಜಿಯೋಸ್ಟ್ಯಾಟಿನ್ ಮಾಡುತ್ತದೆ, ಅದು ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ನೋಡಿಕೊಳ್ಳುತ್ತದೆ. ಎಂಎಂಪಿ-9 ಒಂದು ಕಡೆ ರಕ್ತನಾಳ ಬೆಳೆಸುವ ಅಂಶವನ್ನು ಬಿಡುಗಡೆ ಮಾಡುತ್ತದೆ, ಇನ್ನೊಂದು ಕಡೆ ಅದನ್ನು ತಡೆಯುವ ಟಮ್‌ಸ್ಟ್ಯಾಟಿನ್ ತುಣುಕನ್ನೂ ಬಿಡಿಸುತ್ತದೆ. ಇಂಥದರ ಮೇಲೆ ಕಣ್ಣುಮುಚ್ಚಿ ತಡೆ ಹಾಕಿದರೆ ಏನಾಗುತ್ತದೆಂದು ಮೊದಲೇ ಹೇಳುವುದು ಹೇಗೆ? ಇನ್ನೂ ಒಂದು. ಗಡ್ಡೆಯಲ್ಲಿರುವ ಈ ಕಿಣ್ವಗಳಲ್ಲಿ ಹೆಚ್ಚಿನವನ್ನು ಮಾಡುವುದು ಕ್ಯಾನ್ಸರ್ ಜೀವಕೋಶಗಳಲ್ಲ, ಅವುಗಳ ಸುತ್ತ ಸೇರಿದ ನಮ್ಮದೇ ಫೈಬ್ರೊಬ್ಲಾಸ್ಟ್‌ಗಳು, ಬಿಳಿ ರಕ್ತಕಣಗಳು.

ಪೆಪ್ಟೈಡ್‌ಗಳ ಮೇಲೆ ನನಗೆ ಭರವಸೆ ಇರುವುದು ಇಲ್ಲಿಯೇ. ಸಣ್ಣ ಅಣು ಸತುವನ್ನೂ ಅದರ ಪಕ್ಕದ ಜಾಗವನ್ನೂ ಅಷ್ಟೇ ಹಿಡಿಯುತ್ತದೆ. ಪೆಪ್ಟೈಡ್ ಕಿಣ್ವದ ಮೈಯನ್ನು ಅಗಲವಾಗಿ ತಬ್ಬಿಕೊಳ್ಳಬಲ್ಲದು, ಸತುವಿನಿಂದ ದೂರದ ಭಾಗಗಳನ್ನೂ ಮುಟ್ಟಬಲ್ಲದು. ಆ 23 ಕಿಣ್ವಗಳು ಸತುವಿನ ಹತ್ತಿರ ಒಂದೇ ತರಹ ಇವೆ, ದೂರ ಹೋದಂತೆ ಬೇರೆ ಬೇರೆಯಾಗುತ್ತವೆ. ಹೆಲ್ಸಿಂಕಿಯ ಎರ್ಕಿ ಕೋಯ್ವುನೆನ್ ಮತ್ತು ಸಂಗಡಿಗರು 1999ರಲ್ಲಿ, ಬ್ಯಾಕ್ಟೀರಿಯಾವನ್ನು ಹಿಡಿಯುವ ವೈರಸ್ಸುಗಳ ಮೈಮೇಲೆ ಲಕ್ಷಾಂತರ ಪೆಪ್ಟೈಡ್‌ಗಳನ್ನು ಮೂಡಿಸಿ, ಎಂಎಂಪಿ-9ಕ್ಕೆ ಅಂಟಿದ್ದನ್ನು ಹೆಕ್ಕಿ ತೆಗೆದರು. ಸಿಕ್ಕಿದ್ದು ಹತ್ತೇ ಅಮೈನೋ ಆಮ್ಲಗಳ, ಎರಡು ಸಿಸ್ಟೀನ್‌ಗಳು ಕೈಹಿಡಿದು ಉಂಗುರವಾದ ಒಂದು ಪೆಪ್ಟೈಡ್. ಅದು ಎಂಎಂಪಿ-2 ಮತ್ತು 9ನ್ನು ಮಾತ್ರ ತಡೆಯಿತು, ಇಲಿಗಳಲ್ಲಿ ಗಡ್ಡೆಯನ್ನು ಹುಡುಕಿಕೊಂಡು ಹೋಯಿತು. ಆ ಆರಿಸುವ ವಿಧಾನವನ್ನು 1985ರಲ್ಲಿ ಕಂಡುಹಿಡಿದ ಜಾರ್ಜ್ ಸ್ಮಿತ್‌ಗೆ 2018ರಲ್ಲಿ ನೊಬೆಲ್ ಬಂತು.

ಪೆಪ್ಟೈಡಿನ ಕೊರತೆಯನ್ನೂ ಮುಚ್ಚಿಡುವುದಿಲ್ಲ. ರಕ್ತದಲ್ಲಿ ಬೇರೆ ಕಿಣ್ವಗಳು ಅದನ್ನೇ ಕಡಿದುಹಾಕುತ್ತವೆ, ಮೂತ್ರಪಿಂಡ ಬೇಗ ಸೋಸಿಬಿಡುತ್ತದೆ. ಉಂಗುರ ಮಾಡುವುದು ಒಂದು ಉಪಾಯ. ರೂಢಿಯಲ್ಲಿಲ್ಲದ ಅಮೈನೋ ಆಮ್ಲ ಸೇರಿಸುವುದು ಇನ್ನೊಂದು. ಆ ವಿದ್ಯೆಗೆ ನೀನು ದೂರ ಹೋಗಬೇಕಿಲ್ಲ. ಪೆಪ್ಟೈಡ್ ಬೇಕಾದ ಆಕಾರದಲ್ಲೇ ನಿಲ್ಲುವಂತೆ ಮಾಡುವ ಅಂಥ ಅಮೈನೋ ಆಮ್ಲಗಳ ಮೇಲೆ ಪಿ. ಬಲರಾಂ ಅವರು ರಾಮಚಂದ್ರನ್ ಕಟ್ಟಿದ ಅದೇ ಘಟಕದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಹಳೆಯ ಲೇಖನಗಳನ್ನು ಗ್ರಂಥಾಲಯದಲ್ಲಿ ಹುಡುಕು.

ತಡೆಯುವುದನ್ನೇ ಬಿಟ್ಟು ಕಿಣ್ವವನ್ನು ಗುರುತಾಗಿ ಬಳಸಿಕೊಂಡವರೂ ಇದ್ದಾರೆ. ರೋಜರ್ ತ್ಸಿಯೆನ್ 2004ರಲ್ಲಿ, ಎಂಎಂಪಿ-2 ಅಥವಾ 9 ಕಡಿದಾಗ ಮಾತ್ರ ಬಿಡುಗಡೆಯಾಗಿ ಜೀವಕೋಶದೊಳಗೆ ನುಗ್ಗುವ ಪೆಪ್ಟೈಡ್‌ಗಳನ್ನು ಮಾಡಿದರು. ಹೊಳೆಯುವ ಬಣ್ಣ ಸೇರಿಸಿದರೆ ಗಡ್ಡೆಯ ಅಂಚು ಎಲ್ಲಿಯವರೆಗೆ ಎಂದು ಶಸ್ತ್ರಚಿಕಿತ್ಸಕನಿಗೆ ಕಾಣುತ್ತದೆ. ಚೇಳಿನ ವಿಷದ 36 ಅಮೈನೋ ಆಮ್ಲಗಳ ಕ್ಲೋರೊಟಾಕ್ಸಿನ್ ಮಿದುಳಿನ ಗಡ್ಡೆಯ ಮೇಲೆ ಎಂಎಂಪಿ-2 ಸೇರಿದ ಪ್ರೋಟೀನುಗಳ ಗುಂಪಿಗೆ ಅಂಟುತ್ತದೆ ಎಂದು 2003ರಲ್ಲಿ ವರದಿಯಾಯಿತು. ಸಿಯಾಟಲ್‌ನ ಜಿಮ್ ಓಲ್ಸನ್ ಅದಕ್ಕೆ ಬಣ್ಣ ಕಟ್ಟಿ ಗಡ್ಡೆ ಹೊಳೆಯುವಂತೆ ಮಾಡಿದರು. ನಿನ್ನ ಎಂಎಂಪಿ-14ಕ್ಕೇ ಅಂಟುವ ಎರಡು ಉಂಗುರಗಳ ಪೆಪ್ಟೈಡಿಗೆ ವಿಷದ ಅಣು ಕಟ್ಟಿ ರೋಗಿಗಳಲ್ಲಿ ಪರೀಕ್ಷಿಸಿದ್ದೂ ಆಗಿದೆ, ಬಿಟಿ1718 ಎಂಬ ಹೆಸರಿನಲ್ಲಿ. ಹೀಗಿರುವಾಗ ಸತ್ತ ವಿಷಯ ಅಂದರೆ ಹೇಗೆ?

ಇನ್ನು ನಮ್ಮ ಸೀಮೆಯ ಮಾತು. ನಮ್ಮ ಮನೆಯ ಅನ್ನ ಅಡಿಕೆಯದು, ಅದನ್ನು ನಾನು ಹಗುರವಾಗಿ ಆಡಲಾರೆ. ಆದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ. ಬಲ್ಲವಳಾಗಿ ನೀನು ಇದನ್ನು ಮನೆಯವರ ಮುಂದೆಯೂ ಹೇಳಬೇಕು. ಗುಟ್ಕಾ, ಅಡಿಕೆ ಜಗಿಯುವವರ ಕೆನ್ನೆಯ ಒಳಚರ್ಮ ಬಿರುಸಾಗಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದ ಹಾಗೆ ಆಗುವುದನ್ನು ನೋಡಿದ್ದೀಯ. ಅಲ್ಲಿ ನಡೆಯುವುದು ನಿನ್ನ ವಿಷಯದ ಮಗ್ಗುಲು ಬದಲಿಸಿದ ರೂಪ. ಅಡಿಕೆಯ ಅರೆಕೊಲೀನ್ ಕೊಲಾಜೆನ್ ತಯಾರಿಯನ್ನು ಹೆಚ್ಚಿಸುತ್ತದೆ, ಟಿಂಪ್ ಏರುತ್ತದೆ, ಅಡಿಕೆಯಲ್ಲಿರುವ ತಾಮ್ರ ಎಳೆಗಳನ್ನು ಬೆಸೆಯುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕೊಲಾಜೆನ್ ಕರಗದೆ ಗಂಟುಗಟ್ಟುತ್ತದೆ. ಮುಂದೆ ಇಂಥವರಲ್ಲಿ ಒಂದು ಪಾಲಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟಿದಾಗ, ಅದೇ ಗಟ್ಟಿ ಅಂಗಾಂಶವನ್ನು ಕಡಿದುಕೊಂಡು ಅದು ಒಳಗಿಳಿಯುತ್ತದೆ. ಒಂದೇ ಬಾಯಲ್ಲಿ ಮೊದಲು ಕಿಣ್ವ ಸಾಲದು, ಆಮೇಲೆ ಅತಿಯಾಗುತ್ತದೆ. ಯಾವ ಹೊತ್ತಿಗೆ ಯಾವ ಕಿಣ್ವ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಮುಂದಿಡುವ ರೋಗ ಬೇರೆ ಇದೆಯೋ ಇಲ್ಲವೋ. ಅದರ ರೋಗಿಗಳು ನಮ್ಮ ನಾಡಿನಲ್ಲಿದ್ದಾರೆ, ಕಿದ್ವಾಯಿ ಆಸ್ಪತ್ರೆ ನಿನ್ನ ಊರಿನಲ್ಲೇ ಇದೆ. ನಿನ್ನ ಗುರುಗಳ ಒಪ್ಪಿಗೆ ಪಡೆದು ಅಲ್ಲಿಯ ವೈದ್ಯರನ್ನು ಒಮ್ಮೆ ಕಂಡು ಮಾತಾಡು.

ಕೆಲಸದ ವಿಷಯವಾಗಿ ಕೆಲವು ಮಾತು. ನಿನ್ನ ಪೆಪ್ಟೈಡ್ ಎಂಎಂಪಿ-14ನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂಬುದರಲ್ಲೇ ಮೈಮರೆಯಬೇಡ. ಎಂಎಂಪಿ-8ನ್ನು ಮುಟ್ಟದೆ ಬಿಡುತ್ತದೆಯೇ ಎಂದು ಮೊದಲ ವರ್ಷವೇ ನೋಡು. ಶುದ್ಧ ದ್ರಾವಣದಲ್ಲಿ ಮಾತ್ರವಲ್ಲ, ಮನುಷ್ಯರ ರಕ್ತಸಾರದಲ್ಲಿ 37 ಡಿಗ್ರಿಯಲ್ಲಿಟ್ಟು ಎಷ್ಟು ಗಂಟೆ ಉಳಿಯುತ್ತದೆಂದು ಅಳೆ. ಕ್ಯಾನ್ಸರ್ ಜೀವಕೋಶಗಳನ್ನು ಒಂಟಿಯಾಗಿ ಬೆಳೆಸಿ ತೃಪ್ತಿಪಡಬೇಡ, ಫೈಬ್ರೊಬ್ಲಾಸ್ಟ್‌ಗಳ ಜೊತೆಯಲ್ಲಿ ಕೊಲಾಜೆನ್ ಜೆಲ್‌ನೊಳಗೆ ಬೆಳೆಸು. ಕೆಲಸ ಮಾಡದ ಪೆಪ್ಟೈಡ್‌ಗಳನ್ನೂ ದಿನಚರಿಯಲ್ಲಿ ಅಷ್ಟೇ ಶ್ರದ್ಧೆಯಿಂದ ಬರೆದಿಡು. ಊಟ ತಪ್ಪಿಸಬೇಡ.

ಆ ಹಿರಿಯನ ಮೇಲೆ ಸಿಟ್ಟು ಬೇಡ. ಅವನು ಸೋಲಿನ ಸುದ್ದಿ ಕೇಳಿದ್ದಾನೆ, ಸೋತದ್ದು ಏಕೆ ಎಂದು ಓದಿಲ್ಲ. ನೀನು ಓದಿ ಅವನಿಗೂ ಹೇಳು. ಯುಗಾದಿಗೆ ಬರುವಾಗ ಎಂಎಂಪಿ-8ರ ಫಲಿತಾಂಶ ಏನಾದರೂ ಸರಿ, ತೆಗೆದುಕೊಂಡು ಬಾ. ಕೂತು ನೋಡೋಣ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ